ಪಕ್ಕದ ಖೋಲಿಯ ಗುಳಿಗೆ

ಎರಡನೆಯ ಕೂಸು ಎಂಟನೆಯ ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿಕೊಂಡಾಗ ನಾನು ಅಳಲಿಲ್ಲ. ಕುರ್ಲಾದ ನಮ್ಮ ಚಾಳಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತು ಹೋದರು. ಕೆಲವರು ತಾವೇ ಅತ್ತರು. ನಾನು ಗಂಡನ ಹಳೆಯ ಸ್ವೆಟರ್ ಹಾಕಿಕೊಂಡು, ಗೋಡೆಗೆ ಒರಗಿ, ಅವರು ಅಳುವುದನ್ನು ನೋಡುತ್ತಿದ್ದೆ. ಬೇರೆ ಯಾರದೋ ಮನೆಯ ಸಾವಿಗೆ ಹೋಗಿ ಕೂತ ಹಾಗಿತ್ತು. ಹೊರಗೆ ಗ್ಯಾಲರಿಯಲ್ಲಿ ನಿಂತ ಯಾರೋ 'ಭಾಳ ಗಟ್ಟಿ ಹೆಣ್ಮಗಳು' ಎಂದದ್ದು ಕೇಳಿಸಿತು. ಇರಬಹುದು ಎಂದು ನನಗೂ ಅನ್ನಿಸಿತು. ರೋಗವೊಂದು ನನ್ನನ್ನು ಹಾಗೆ ಮಾಡಿತ್ತು ಎಂದು ತಿಳಿಯುವುದಕ್ಕೆ ಮುಂದೆ ವರ್ಷದ ಮೇಲೆ ಹಿಡಿಯಿತು.

ಅದು ಅರವತ್ತರ ದಶಕದ ಕೊನೆ. ನಾನು ವಿಜಾಪುರ ಜಿಲ್ಲೆಯ ಒಂದು ಸಣ್ಣ ಊರಿನಿಂದ ಮದುವೆಯಾಗಿ ಮುಂಬಯಿಗೆ ಬಂದವಳು. ಗಂಡ ಭಾಂಡುಪಿನ ಒಂದು ಕಾರ್ಖಾನೆಯಲ್ಲಿ ಲೇಥ್ ಮಶೀನಿನ ಮೇಲೆ ಕೆಲಸ ಮಾಡುತ್ತಿದ್ದರು. ನಾನು ಟ್ರೇನಿಂಗ್ ಮುಗಿಸಿದ್ದರಿಂದ ಸ್ಟೇಶನ್ನಿನ ಆಚೆ ಬದಿಯ ಕನ್ನಡ ಶಾಲೆಯಲ್ಲಿ ಒಂದನೆಯ ಇಯತ್ತೆಯ ಮಕ್ಕಳಿಗೆ ಕಲಿಸುತ್ತಿದ್ದೆ. ನನ್ನ ಮುಂದೆ ಕೂರುತ್ತಿದ್ದವರು ಕಟ್ಟಡ ಕೆಲಸದವರ, ಹಮಾಲರ, ಹೋಟೆಲಿನವರ ಮಕ್ಕಳು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಹಿಂದಿ, ಜಗಳಕ್ಕೆ ಮರಾಠಿ. ಮೊದಲನೆಯ ಬಸಿರು ಮೂರನೆಯ ತಿಂಗಳಿಗೇ ಹೋದಾಗ ಶಾಲೆಗೆ ಒಂದು ವಾರ ರಜೆ ಹಾಕಿದ್ದೆ. ಎರಡನೆಯದಾದ ಮೇಲೆ ಎಷ್ಟು ದಿನ ರಜೆಯಿದ್ದೆನೋ ನೆನಪಿಲ್ಲ. ಆ ಕಾಲದ ಬಹಳಷ್ಟು ನನಗೆ ನೆನಪಿಲ್ಲ.

ನೆನಪಿರುವುದು ಚಳಿ. ಮೇ ತಿಂಗಳಲ್ಲಿ ಚಾಳಿನ ಗಂಡಸರೆಲ್ಲ ಬರೀ ಬನಿಯನ್ನಿನಲ್ಲಿ ಗ್ಯಾಲರಿಯಲ್ಲಿ ಮಲಗುವಾಗ ನಾನು ಒಳಗೆ ಕೌದಿ ಹೊದ್ದು ಮಲಗುತ್ತಿದ್ದೆ. ನಲ್ಲಿಯ ನೀರು ಕೈಗೆ ತಾಗಿದರೆ ಮೂಳೆಯವರೆಗೂ ಹೋಗುತ್ತಿತ್ತು. ತಲೆ ಬಾಚಿದರೆ ಕೂದಲು ಹಿಡಿಹಿಡಿಯಾಗಿ ಬರುತ್ತಿತ್ತು. ಬೆಳಿಗ್ಗೆ ಎದ್ದಾಗ ಕಣ್ಣಿನ ರೆಪ್ಪೆ ಊದಿಕೊಂಡು, ಕನ್ನಡಿಯಲ್ಲಿ ನನ್ನ ಮುಖವೇ ನನಗೆ ಹೊರಗಿನವರದೆಂಬಂತೆ ಕಾಣುತ್ತಿತ್ತು. ಉಣ್ಣುವುದು ಕಡಿಮೆ, ಮೈ ಬರುವುದು ಹೆಚ್ಚು. ಮಾತಾಡಬೇಕೆಂದರೆ ಮಾತು ಎಲ್ಲೋ ಕೆಳಗಿಂದ ಎತ್ತಿ ತರಬೇಕಾಗುತ್ತಿತ್ತು, ತಂದ ಮೇಲೆ ಗಂಡು ದನಿಯಲ್ಲಿ ಹೊರಡುತ್ತಿತ್ತು.

"ಅಕ್ಕೋರ, ನಿಮಗ ನೆಗಡಿ ಆಗೇತೇನ್ರಿ?" ಎಂದು ತರಗತಿಯ ಹುಡುಗಿಯೊಬ್ಬಳು ದಿನಾ ಕೇಳುತ್ತಿದ್ದಳು. ಹೂಂ ಎನ್ನುತ್ತಿದ್ದೆ. ತಿಂಗಳುಗಟ್ಟಲೆ ನೆಗಡಿ.

ಮೂಲೆಯ ಡಾಕ್ಟರರು ರಕ್ತ ಕಡಿಮೆಯೆಂದು ಕೆಂಪು ಟಾನಿಕ್ಕು ಕೊಟ್ಟರು. ನನಗೆ ನೋವು ಎಲ್ಲಿಯೂ ಇರಲಿಲ್ಲ. ನೋವಿಲ್ಲದವಳನ್ನು ರೋಗಿ ಎನ್ನುವುದು ಹೇಗೆ? ಗಂಡ ಪಾಳಿ ಮುಗಿಸಿ ಭಾಂಡುಪಿನಿಂದ ಲೋಕಲ್ಲಿನಲ್ಲಿ ನೇತಾಡಿಕೊಂಡು ಬಂದು, ನಾನು ಮಲಗಿರುವುದನ್ನು ನೋಡಿ, ತಾವೇ ಹಿಟ್ಟು ನಾದಲು ಕೂರುತ್ತಿದ್ದರು. ಅವರಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ದಪ್ಪ ದಪ್ಪ ಆಗುತ್ತಿದ್ದವು. ಅದನ್ನೇ ಇಬ್ಬರೂ ತಿನ್ನುತ್ತಿದ್ದೆವು.

ಮೂರನೆಯ ಸಲ ದಿನ ತಪ್ಪಿದಾಗ ಗಂಡ ಊರಿಗೆ ಹೇಳಿಕಳುಹಿಸಿ ಅತ್ತೆಯನ್ನು ಕರೆಸಿಕೊಂಡರು. ಅತ್ತೆ ಒಂದು ಟ್ರಂಕು, ಒಂದು ಚೀಲ ಜೋಳ, ಪೂಜೆಯ ಗಂಟು ಹೊತ್ತುಕೊಂಡು ಬಂದಿಳಿದರು. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ಅತ್ತೆ ಪೂಜೆಯಾಗದೆ ನೀರು ಮುಟ್ಟುತ್ತಿರಲಿಲ್ಲ. ನಮ್ಮ ಒಂದೇ ಖೋಲಿಯಲ್ಲಿ ಒಲೆಯ ಪಕ್ಕದ ಮೂಲೆಯನ್ನು ತೊಳೆದು, ದೇವರ ಜಗಲಿ ಮಾಡಿಕೊಂಡು, ಅಲ್ಲಿಂದ ಮನೆಯನ್ನು ನಡೆಸತೊಡಗಿದರು.

"ಹಿಂಗ ಮಕ್ಕೊಂಡ ಇದ್ರ ಕೂಸಿಗೆ ಗಾಳಿ ಬೆಳಕ ಹೆಂಗ ತಗಲ್ತೈತವಾ? ಏಳು, ಒಂದೀಟು ಅಡ್ಡಾಡು," ಎನ್ನುತ್ತಿದ್ದರು. ಏಳುತ್ತಿದ್ದೆ. ಅವರು ತಿರುಗಿ ನೋಡುವಷ್ಟರಲ್ಲಿ ಅಕ್ಕಿ ಆರಿಸುವ ಮೊರದ ಮುಂದೆಯೇ ತೂಕಡಿಸಿರುತ್ತಿದ್ದೆ. ಅತ್ತೆ ಕೆಟ್ಟವರಲ್ಲ. ಒಂದು ಸಲ ಮಗನಿಗೆ ಮೆಲ್ಲಗೆ ಹೇಳುತ್ತಿದ್ದುದು ಕೇಳಿಸಿತು: "ಒಳ್ಳೆಕಿ ಅದಾಳ, ಖರೆ. ಆದ್ರ ಮೈಯಾಗ ಹುಮ್ಮಸ ಅನ್ನೂದ ಇಲ್ಲಲ್ಲೊ. ಸಾಲಿ ಕಲತು ಜಡ ಆಗ್ಯಾಳ." ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ನನ್ನನ್ನು ಆಸ್ಪತ್ರೆಗೆ ಎಬ್ಬಿಸಿಕೊಂಡು ಹೋದವರು ಪಕ್ಕದ ಖೋಲಿಯ ಆಪಾ, ಅಂದರೆ ಅಕ್ಕ. ಅವರೂ ನಮ್ಮ ಜಿಲ್ಲೆಯವರೇ. ಅವರ ಗಂಡ ಗಾದಿ ತುಂಬುವ ಕೆಲಸ ಮಾಡುತ್ತಿದ್ದರು. ಇವರು ಮನೆಯಲ್ಲಿ ಮಶೀನಿನ ಮೇಲೆ ಲಂಗ ಹೊಲಿಯುತ್ತಿದ್ದರು. ಮನೆಯೊಳಗೆ ದಖನಿ ಉರ್ದು, ನನ್ನ ಜೊತೆ ಕನ್ನಡ, ಎರಡೂ ಒಂದೇ ಉಸಿರಿನಲ್ಲಿ. ನಾಲ್ಕು ಹೆರಿಗೆ ಆಸ್ಪತ್ರೆಯಲ್ಲೇ ಆಗಿದ್ದರಿಂದ ಅಲ್ಲಿಯ ಸಾಲು, ಕಿಟಕಿ, ಆಯಾಗಳೆಲ್ಲ ಅವರಿಗೆ ಪರಿಚಯ.

"ಎರಡು ಹೋದುವು. ಮೂರನೇದ್ದಕ್ಕೂ ಮನ್ಯಾಗ ಕೂಡ್ತಿ ಏನ?" ಎಂದರು. "ನಕ್ಕೋ ತಂಗಿ. ನಾಳೆ ನನ್ನ ಸಂಗಾಟ ನಡಿ. ಹೆಸರ ಬರಸೂಣು."

ದೊಡ್ಡ ಆಸ್ಪತ್ರೆ ಅದು, ಕುರ್ಲಾದಿಂದ ಲೋಕಲ್ ಹಿಡಿದು ಹೋಗಬೇಕು. ಬಸುರಿಯರ ಸಾಲು ವರಾಂಡ ದಾಟಿ ಮೆಟ್ಟಿಲಿನವರೆಗೂ ಬಂದಿತ್ತು. ಆಪಾ ನನಗೆ ಜಾಗ ಹಿಡಿದು ಕೂರಿಸಿದರು, ನಾನು ಅವರ ಹೆಗಲ ಮೇಲೆ ನಿದ್ದೆ ಹೋದೆ. ನಮ್ಮ ಪಾಳಿ ಬಂದಾಗ ಒಳಗಿದ್ದವರು ಒಬ್ಬ ಮರಾಠಿ ಲೇಡಿ ಡಾಕ್ಟರು, ನಡುವಯಸ್ಸು, ಬಿಳಿಯ ಕೋಟಿನ ತೋಳು ಮೊಣಕೈವರೆಗೆ ಮಡಚಿದ್ದರು. ಹಿಂದಿನ ಎರಡು ಬಸಿರಿನ ಬಗ್ಗೆ ಕೇಳಿದರು. ನಾನು ಹೇಳತೊಡಗಿದೆ. ಅವರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದರು.

"ಆವಾಜ್ ಅಸಾ ಕಧೀಪಾಸೂನ್?" ಎಂದರು. ದನಿ ಯಾವಾಗಿನಿಂದ ಹೀಗಿದೆ ಎಂದು.

ನೆಗಡಿ, ಎಂದೆ.

"ನೆಗಡಿಯಲ್ಲ. ಆ ಸ್ವೆಟರ್ ಯಾಕೆ ಹಾಕಿಕೊಂಡಿದ್ದೀಯ?"

ಆಪಾ ನನ್ನ ಪರವಾಗಿ ಹಿಂದಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟರು: ನಿದ್ದೆ, ಚಳಿ, ಕೂದಲು, ಕೌದಿ. ನನಗೇ ಗೊತ್ತಿಲ್ಲದ ಒಂದನ್ನೂ ಸೇರಿಸಿದರು. "ಡಾಕ್ಟರ್ ಸಾಬ್, ಇದು ಮೊದಲು ಗ್ಯಾಲರಿಯಲ್ಲಿ ನಿಂತು ಹಾಡಿಕೊಳ್ಳುತ್ತಿತ್ತು. ಈಗ ಹಾಡುವುದಿಲ್ಲ." ನಾನು ಹಾಡುತ್ತಿದ್ದೆ ಎಂಬುದು ನನಗೆ ಮರೆತೇಹೋಗಿತ್ತು.

ಡಾಕ್ಟರು ಒಂದು ಕುರ್ಚಿಯ ಮೇಲೆ ನನ್ನನ್ನು ಮೊಣಕಾಲೂರಿ ನಿಲ್ಲಿಸಿದರು. ಪಾದ ಎರಡೂ ಹಿಂದೆ ಗಾಳಿಯಲ್ಲಿ ಇಳಿಬಿದ್ದಿದ್ದವು. ರಬ್ಬರಿನ ಸುತ್ತಿಗೆಯಿಂದ ಹಿಮ್ಮಡಿಯ ಮೇಲಿನ ನರಕ್ಕೆ ಬಡಿದರು. ಪಾದ ಥಟ್ಟನೆ ಕುಣಿಯಿತಂತೆ. ಆದರೆ ತಿರುಗಿ ತನ್ನ ಜಾಗಕ್ಕೆ ಬರುವುದಕ್ಕೆ ಬಹಳ ನಿಧಾನ ಮಾಡಿತಂತೆ. ನನಗೆ ಕಾಣಿಸುತ್ತಿರಲಿಲ್ಲ. ಅವರು ಇನ್ನೊಮ್ಮೆ ಬಡಿದರು. ಆಮೇಲೆ ಬಾಗಿಲಿಗೆ ಹೋಗಿ ಯಾರನ್ನೋ ಕರೆದರು. ಡಾಕ್ಟರಿಕೆ ಕಲಿಯುವ ಹುಡುಗ ಹುಡುಗಿಯರ ಗುಂಪು ಒಳಗೆ ಬಂತು. ಒಬ್ಬೊಬ್ಬರಾಗಿ ಸುತ್ತಿಗೆ ತೆಗೆದುಕೊಂಡು ಬಡಿದರು. ಬೆನ್ನ ಹಿಂದೆ 'ನೋಡು, ನೋಡು, ಈಗ ಬರುತ್ತದೆ' ಎನ್ನುವ ಪಿಸುಮಾತು. ನಾನು ಕುರ್ಚಿಯ ಬೆನ್ನು ಹಿಡಿದುಕೊಂಡು ಎದುರಿನ ಗೋಡೆಯ ಸುಣ್ಣ ಎಲ್ಲೆಲ್ಲಿ ಎದ್ದಿದೆ ಎಂದು ನೋಡುತ್ತಿದ್ದೆ. ನಾಚಿಕೆಯೂ ಆಗಲಿಲ್ಲ. ಆಪಾನಿಗೆ ಮಾತ್ರ ತಡೆಯಲಾಗಲಿಲ್ಲ. "ಬಸ್ ಕರೋ ಬಾಬಾ, ಬಸುರಿ ಹೆಂಗಸು ಅದು," ಎಂದು ನನ್ನ ಭುಜ ಹಿಡಿದು ಇಳಿಸಿದರು.

ಕೊರಳಿನಲ್ಲಿ ಒಂದು ಗ್ರಂಥಿಯಿದೆ, ಅದು ನಿನ್ನಲ್ಲಿ ಕೆಲಸ ನಿಲ್ಲಿಸಿದೆ, ಎಂದು ಡಾಕ್ಟರು ಹೇಳಿದರು. ಥೈರಾಯ್ಡ್ ಎಂಬ ಶಬ್ದ ನಾನು ಮೊದಲ ಸಲ ಕೇಳಿದ್ದು ಆಗ. ಗಳಗಂಡವೆಂದರೆ ನನಗೆ ಗೊತ್ತಿತ್ತು, ಕೊರಳಲ್ಲಿ ಗಂಟು ಹೊತ್ತ ಹೆಂಗಸರನ್ನು ನೋಡಿದ್ದೆ. ನನ್ನ ಕೊರಳಲ್ಲಿ ಏನೂ ಇಲ್ಲವಲ್ಲ ಎಂದೆ. ಗಂಟು ಇರಲೇಬೇಕೆಂದಿಲ್ಲ ಎಂದರು. ಮೈಯ ಒಲೆ ಆರಿದ ಹಾಗೆ, ಅದಕ್ಕೇ ಚಳಿ, ಅದಕ್ಕೇ ನಿದ್ದೆ. ಹಿಂದಿನ ಎರಡೂ ಬಹುಶಃ ಅದಕ್ಕೇ ಹೋದವು. ರಕ್ತವನ್ನು ಬೇರೆ ಕಡೆಯ ಲ್ಯಾಬಿಗೆ ಕಳಿಸಿ ನೋಡಿಸಬೇಕು, ಫಲಿತಾಂಶ ಬರುವುದು ತಡವಾಗುತ್ತದೆ. ಕೊರಳನ್ನು ಮಶೀನಿನಲ್ಲಿ ನೋಡುವ ಇನ್ನೊಂದು ಪರೀಕ್ಷೆಯನ್ನು ಬಸುರಿಗೆ ಮಾಡುವಂತಿಲ್ಲ. ಅದಕ್ಕೆ ಕಾಯದೆ ಗುಳಿಗೆ ಇವತ್ತೇ ಶುರು ಮಾಡುವುದು, ಸಣ್ಣದರಿಂದ ಏರಿಸುತ್ತ ಹೋಗುವುದು.

"ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ? ತಾಯಿಗೆ?"

ಇಲ್ಲ ಎನ್ನಲು ಬಾಯಿ ತೆರೆದಾಗ ಅವ್ವ ನೆನಪಾದಳು. ನಮ್ಮವ್ವ ಬೇಸಿಗೆಯಲ್ಲೂ ಕಂಬಳಿ ಹೊದ್ದುಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದಳು. ಅವಳ ದನಿ ದಪ್ಪ, ನಡೆ ನಿಧಾನ. ಊರವರು ಅವಳನ್ನು ಕುಂಭಕರ್ಣನ ತಂಗಿ ಎನ್ನುತ್ತಿದ್ದರು, ನಾವು ಮಕ್ಕಳೂ ನಗುತ್ತಿದ್ದೆವು. ನನ್ನ ನಂತರ ಅವಳಿಗೆ ಮೂರು ಕೂಸು ಹುಟ್ಟಿ ಸತ್ತವು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಚಳಿಗಾಲದ ಬೆಳಿಗ್ಗೆ ಅವಳು ಏಳಲಿಲ್ಲ. ಅದನ್ನೆಲ್ಲ ಡಾಕ್ಟರಿಗೆ ಹೇಳಿದೆ. ಅವರು ಪೆನ್ನಿನ ಟೊಪ್ಪಿಗೆ ಹಾಕಿ, ತೆಗೆದು, "ಹಂ," ಎಂದರು.

ಹೊರಡುವಾಗ ಗುಳಿಗೆಯ ಹೆಸರು ಬರೆದುಕೊಟ್ಟು, ಬೆಳಿಗ್ಗೆ ಎದ್ದ ಕೂಡಲೇ ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು ಎಂದರು. ನನ್ನ ಹಣೆಯ ವಿಭೂತಿ ನೋಡಿದರೇನೋ, ಇದನ್ನೂ ಸೇರಿಸಿದರು: "ಇದು ಪ್ರಾಣಿಯ ಕೊರಳಿನ ಗ್ರಂಥಿಯನ್ನು ಒಣಗಿಸಿ ಮಾಡಿದ್ದು. ಆಮೇಲೆ ಯಾರೋ ಹೇಳಿ ನೀನು ಬಿಟ್ಟುಬಿಡುವುದು ಬೇಡ. ಈಗಲೇ ತಿಳಿದುಕೋ. ಬೇರೆ ಬಗೆಯದು ಹೊರದೇಶದಲ್ಲಿದೆ, ಇಲ್ಲಿ ಸಿಕ್ಕರೆ ಸಿಕ್ಕಿತು, ಅದನ್ನು ನಂಬಿಕೊಂಡು ಕೂರುವಂತಿಲ್ಲ."

"ಯಾವ ಜನಾವರ?" ಎಂದು ಆಪಾ ಕೇಳಿದರು.

"ಕುರಿ, ದನ, ಹಂದಿ, ಯಾವುದೂ ಇರಬಹುದು."

ತಿರುಗಿ ಬರುವ ಲೋಕಲ್ಲಿನಲ್ಲಿ ಕುರ್ಲಾ ಬರುವಾಗ ಆಪಾ, "ನಿಮ್ಮ ಅತ್ತೀಗೆ ಹೇಳ್ತಿ ಏನ?" ಎಂದರು. ಹೇಳುತ್ತೇನೆ ಎಂದೆ. ಧೈರ್ಯದಿಂದಲ್ಲ. ಮುಚ್ಚಿಡುವುದಕ್ಕೆ ಬೇಕಾದ ಚುರುಕು ನನ್ನಲ್ಲಿರಲಿಲ್ಲ, ಅಷ್ಟೆ.

ಸಂಜೆ ಗಂಡ ಬಂದ ಮೇಲೆ ಹೇಳಿದೆ. ಅವರು ಕೇಳಿ, ಅಂಗಿಯ ಗುಂಡಿ ಬಿಚ್ಚುತ್ತ ಅತ್ತೆಯ ಕಡೆ ನೋಡಿದರು. ಅತ್ತೆ ಒಲೆಯ ಮುಂದೆ ಕೂತಿದ್ದರು.

"ಬ್ಯಾರೆ ಔಷಧ ಇಲ್ಲೇನು?" ಎಂದರು.

"ಇಲ್ಲಂತ್ರಿ ಅತ್ತಿ."

"ಗಿಡಮೂಲಿಕೀದು? ನಮ್ಮೂರ ಪಂಡಿತ್ರನ್ನ ಕೇಳಿದ್ರ?"

"ಯವ್ವಾ, ಎರಡು ಕೂಸು ಹೋಗ್ಯಾವು," ಎಂದರು ಗಂಡ. ಅವರು ತಾಯಿಯ ಎದುರು ದನಿಯೇರಿಸಿದ್ದು ನಾನು ಕೇಳಿದ್ದು ಅದೊಂದೇ ಸಲ. ದನಿಯೇರಿಸಿದರು ಎನ್ನುವಷ್ಟು ಜೋರಾಗಿಯೂ ಇರಲಿಲ್ಲ.

ಅತ್ತೆ ರೊಟ್ಟಿ ಮಗುಚಿದರು. ಆಮೇಲೆ ನನ್ನ ಕಡೆ ತಿರುಗಿ, "ನೀ ನುಂಗ್ತೀಯೇನು?" ಎಂದರು.

"ನುಂಗ್ತೀನ್ರಿ."

"ನುಂಗು. ನಾ ಬ್ಯಾಡನ್ನಂಗಿಲ್ಲ. ಆದ್ರ ಈ ಜಗಲಿ ಇರೂ ಖೋಲ್ಯಾಗ ಅದನ್ನ ಇಡಬ್ಯಾಡ. ನನ್ನ ಕೈಲೆ ಅದನ್ನ ಮುಟ್ಟಸಬ್ಯಾಡ."

ಒಂದೇ ಖೋಲಿಯ ಮನೆಯಲ್ಲಿ ಬೇರೆ ಎಲ್ಲಿಡುವುದು? ಗ್ಯಾಲರಿಯಲ್ಲಿಟ್ಟರೆ ಮಳೆ, ಮಕ್ಕಳು, ಇಲಿ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಆಪಾ, "ನನ್ನ ಕಡೆ ಇರ್ಲಿ ಅಮ್ಮಾ," ಎಂದರು.

ಅತ್ತೆ ಅವರನ್ನು ನೋಡಿದರು. "ಹಂದೀದ ಇದ್ರ? ನಿಮಗೂ ನಡ್ಯಂಗಿಲ್ಲಲ್ಲ ಅದು."

"ನಾ ಎಲ್ಲಿ ತಿಂತೀನಿ? ತಿನ್ನಾಕಿ ಇದು. ಖಿಡಕ್ಯಾಗ ಒಂದು ಡಬ್ಬಿ ಇಡ್ತೀನಿ, ಭಾಂಡೆದ ಹತ್ರ ಅಲ್ಲ," ಎಂದು ಆಪಾ ಆಗಲೇ ಜಾಗವನ್ನೂ ಗೊತ್ತುಮಾಡಿಕೊಂಡಿದ್ದರು. ತಮ್ಮ ಗಂಡನನ್ನು ಕೇಳಿದ್ದು ಮರುದಿನ. ಅವರು ಮಸೀದಿಯಲ್ಲಿ ವಿಚಾರಿಸಿ ಬಂದು, ಜೀವ ಉಳಿಸುವುದಕ್ಕಾದರೆ ಅಡ್ಡಿಯಿಲ್ಲವಂತೆ ಎಂದರಂತೆ. "ಅವ್ರು ಹೂಂ ಅನ್ನೂಕಿಂತ ಮೊದ್ಲ ನೀ ಒಂದು ನುಂಗಿದ್ದಿ," ಎಂದು ಆಪಾ ನಕ್ಕರು.

ಹೀಗೆ ದಿನಾ ಬೆಳಿಗ್ಗೆ ಮುಖ ತೊಳೆದು ಪಕ್ಕದ ಖೋಲಿಗೆ ಹೋಗುವುದು ಶುರುವಾಯಿತು. ನಲ್ಲಿಗೆ ನೀರು ಬರುವ ಹೊತ್ತು ಅದು, ಚಾಳೆಲ್ಲ ಕೊಡಗಳ ಸದ್ದು. ಆಪಾ ಲೋಟದಲ್ಲಿ ನೀರು ಕೊಡುತ್ತಿದ್ದರು, ನಾನು ಗುಳಿಗೆ ನುಂಗುತ್ತಿದ್ದೆ. ಅದಕ್ಕೊಂದು ಒಣಗಿದ, ಹಳಸಿದಂಥ ವಾಸನೆಯಿತ್ತು. ನುಂಗಿ ಅಲ್ಲೇ ಅವರ ಹೊಲಿಗೆ ಮಶೀನಿನ ಪಕ್ಕದ ಬಟ್ಟೆಯ ರಾಶಿಗೆ ಒರಗಿ ಸ್ವಲ್ಪ ಹೊತ್ತು ಕೂರುತ್ತಿದ್ದೆ. ಅತ್ತೆ ಆ ಹೊತ್ತಿನಲ್ಲಿ ಪೂಜೆ ಮುಗಿಸುತ್ತಿದ್ದರು. ನಾನು ಮನೆಗೆ ಬಂದಾಗ ಎಲ್ಲಿಗೆ ಹೋಗಿದ್ದೆ ಎಂದು ಅವರು ಒಂದು ದಿನವೂ ಕೇಳಲಿಲ್ಲ. ಬಾಯಿ ಮುಕ್ಕಳಿಸಲು ಒಂದು ತಂಬಿಗೆ ನೀರು ಬಾಗಿಲ ಹೊರಗೆ ಇಟ್ಟಿರುತ್ತಿದ್ದರು.

ಮೊದಲ ವಾರಗಳಲ್ಲಿ ಏನೂ ಆಗಲಿಲ್ಲ. ಗುಳಿಗೆ ಒಂದರಿಂದ ಒಂದೂವರೆಯಾಯಿತು, ಎರಡಾಯಿತು. ಆಮೇಲೆ ಒಂದು ಬೆಳಿಗ್ಗೆ ಆಪಾನ ಒಲೆಯ ಮೇಲೆ ಚಹಾದ ಎಸರಿಗೆ ಅವರು ಶುಂಠಿ ಜಜ್ಜಿ ಹಾಕಿದಾಗ ಅದರ ವಾಸನೆ ನನ್ನ ಮೂಗಿಗೆ ಬಂತು. ವಾಸನೆ ಅಷ್ಟು ದಿನ ಬರುತ್ತಿರಲಿಲ್ಲ ಎಂಬುದು ಬಂದಾಗಲೇ ಗೊತ್ತಾದದ್ದು. ಇನ್ನೊಂದು ದಿನ ತರಗತಿಯಲ್ಲಿ ಗಲಾಟೆ ಮಾಡಿದ ಮಕ್ಕಳನ್ನು ಗದರಿದೆ. ಎಲ್ಲರೂ ಬೆಚ್ಚಿ ನನ್ನ ಮುಖ ನೋಡಿದರು. ಗದರಿದ್ದು ನನ್ನ ಹಳೆಯ ದನಿ.

ಸಿಟ್ಟು, ನಗು, ಹಸಿವು ಎಲ್ಲವೂ ಹೀಗೆ ಬಿಡಿಬಿಡಿಯಾಗಿ ತಿರುಗಿ ಬಂದವು. ಕೊನೆಗೆ ಬಂದದ್ದು ಅಳು. ಆ ದಿನ ಆಪಾ ತಮ್ಮ ಮೊದಲ ಮಗಳ ಎಳೆಗೂಸಿನ ಅಂಗಿ, ಹಳೆಯ ಝಬಲಾ ಒಂದನ್ನು ಬಿಚ್ಚಿ, ಅಳತೆಗೆಂದು ಹಾಸಿದ್ದರು. ಅಂಗೈಯಗಲದ ಎದೆ, ಹೆಬ್ಬೆರಳಿನಷ್ಟು ತೋಳು. ನಾನು ಅದನ್ನು ಎತ್ತಿ ನೋಡಿದೆ. ಎರಡನೆಯ ಕೂಸನ್ನು, ನನ್ನನ್ನು ಕಡೆಗಳಿಗೆಯಲ್ಲಿ ಒಯ್ದ ಆಸ್ಪತ್ರೆಯಲ್ಲಿ, ಬಟ್ಟೆಯಲ್ಲಿ ಸುತ್ತಿ ತೋರಿಸಿದ್ದರು. ಗಂಡು ಕೂಸು. ಉಗುರು ಬಂದಿದ್ದವು, ಹುಬ್ಬು ಬಂದಿತ್ತು. ಆಗ ನೋಡಿ, ನೋಡಿದೆ ಎಂದು ತಲೆಯಾಡಿಸಿ ಮಗ್ಗುಲಾಗಿದ್ದೆ. ಈಗ ಆ ಹುಬ್ಬು ನೆನಪಾಯಿತು. ಸತ್ತು ಒಂದು ವರ್ಷಕ್ಕೂ ಹೆಚ್ಚಾದ ಮೇಲೆ, ಪಕ್ಕದ ಮನೆಯಲ್ಲಿ, ಲಂಗದ ಬಟ್ಟೆಯ ರಾಶಿಯಲ್ಲಿ ಮುಖವಿಟ್ಟು, ನಮ್ಮ ಖೋಲಿಯಿಂದ ಅತ್ತೆ ಓಡಿ ಬರುವಷ್ಟು ಜೋರಾಗಿ ಅತ್ತುಬಿಟ್ಟೆ.

ಅತ್ತೆ ಬಾಗಿಲಲ್ಲಿ ನಿಂತು, "ಏನಾತು? ಹೊಟ್ಟಿ ನೋಯಾಕತ್ತೈತೇನು?" ಎಂದರು.

"ಇಲ್ಲಮ್ಮಾ," ಎಂದರು ಆಪಾ. "ಹೋದ ಕೂಸಿಗೆ ಅಳಾಕತ್ಯಾಳ. ಅಳ್ಲಿ."

ಅತ್ತೆ ಒಳಗೆ ಬಂದು ನನ್ನ ಪಕ್ಕ ಕೂತರು. ಆ ಖೋಲಿಯೊಳಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಬೆನ್ನ ಮೇಲೆ ಕೈಯಿಟ್ಟು, ನಾನು ನಿಲ್ಲಿಸುವವರೆಗೆ ಕೂತಿದ್ದರು.

ಅಳು ಬಂದ ಮೇಲೆ ಹೆದರಿಕೆಯೂ ಬಂತು. ಮೊದಲಿನೆರಡು ಸಲ ನಾನು ಹೆದರಿರಲಿಲ್ಲ. ಈಗ ಕೂಸು ಒದೆಯದಿದ್ದರೆ ಹೆದರಿಕೆ, ಜೋರಾಗಿ ಒದ್ದರೆ ಹೆದರಿಕೆ. ಗುಳಿಗೆ ಏರಿಸಿದಾಗಲೊಮ್ಮೆ ಎದೆ ಡವಡವ ಎನ್ನುತ್ತಿತ್ತು. ಡಾಕ್ಟರು ನಾಡಿ ಹಿಡಿದು, ಗಡಿಯಾರ ನೋಡಿ, ಕಾಲು ಗುಳಿಗೆ ಇಳಿಸಿ, ಮುಂದಿನ ಭೇಟಿಯಲ್ಲಿ ಮತ್ತೆ ಏರಿಸುತ್ತಿದ್ದರು. ರಕ್ತದ ಫಲಿತಾಂಶ ಅಷ್ಟೊತ್ತಿಗೆ ಬಂತು. ಅದನ್ನು ಓದಿ, ನಮಗೆ ಗೊತ್ತಿದ್ದದ್ದೇ ಬಂದಿದೆ ಎಂದು ಬದಿಗಿಟ್ಟರು.

ಆರನೆಯ ತಿಂಗಳಲ್ಲಿ ಕುರ್ಲಾದ ಅಂಗಡಿಗಳಲ್ಲಿ ಗುಳಿಗೆ ಮುಗಿಯಿತು. ಬರುತ್ತದೆ, ಬರುತ್ತದೆ ಎಂದರು, ಬರಲಿಲ್ಲ. ಗಂಡ ವಿಲೆ ಪಾರ್ಲೆಯಲ್ಲಿ ತಮ್ಮ ಜೊತೆಗಾರನೊಬ್ಬ ಹೇಳಿದ ಅಂಗಡಿಗೆ ಹೋದರು, ಅಲ್ಲೂ ಇಲ್ಲ. ಮರುದಿನ ಕೆಲಸಕ್ಕೆ ರಜೆ ಹಾಕಿ, ಮುಂಬಯಿ ಪೇಟೆಯೊಳಗೆ ಪ್ರಿನ್ಸೆಸ್ ಸ್ಟ್ರೀಟಿನ ಔಷಧದ ಸಗಟು ಅಂಗಡಿಗಳನ್ನು ಒಂದು ತುದಿಯಿಂದ ಹತ್ತುತ್ತ ಹೋದರು. ಅಷ್ಟರಲ್ಲಿ ನನಗೆ ಆ ಹಳೆಯ ಮಬ್ಬು ಕಾಲಿನಿಂದ ಮೇಲಕ್ಕೆ ಏರುತ್ತಿದೆ ಅನ್ನಿಸತೊಡಗಿತ್ತು. ಅಷ್ಟು ಬೇಗ ಏರುವುದಿಲ್ಲ, ಅದು ನಿನ್ನ ಹೆದರಿಕೆ, ಎಂದು ಡಾಕ್ಟರು ಆಮೇಲೆ ಹೇಳಿದರು. ಇರಬಹುದು. ಸಂಜೆ ಗಂಡ ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು. ಬಾಟಲಿಯನ್ನು ನಮ್ಮ ಬಾಗಿಲಿಗೆ ತರದೆ ನೇರವಾಗಿ ಆಪಾನ ಬಾಗಿಲಿಗೇ ಹೋಗಿ ಕೊಟ್ಟು, ಆಮೇಲೆ ಮನೆಗೆ ಬಂದು, "ಸಿಕ್ತು," ಎಂದರು. ಅತ್ತೆ ಅವರಿಗೆ ನೀರು ಕೊಟ್ಟರು.

ಎಂಟನೆಯ ತಿಂಗಳಿಗೆ ಕಾಲು ಊದಿಕೊಂಡವು. ರಕ್ತದೊತ್ತಡ ಏರಿತ್ತು. ಹಿಂದಿನ ಕೂಸು ಹೋದದ್ದು ಅದೇ ತಿಂಗಳಲ್ಲಿ. ಡಾಕ್ಟರು ನನ್ನನ್ನು ಮನೆಗೆ ಬಿಡಲೇ ಇಲ್ಲ, ಅಲ್ಲೇ ವಾರ್ಡಿನಲ್ಲಿ ಇರಿಸಿಕೊಂಡರು. ಎಡ ಮಗ್ಗುಲಲ್ಲಿ ಮಲಗಿರಬೇಕು, ಏಳುವಂತಿಲ್ಲ, ಉಪ್ಪು ತಿನ್ನುವಂತಿಲ್ಲ. ಅತ್ತೆ ಬೆಳಗಿನ ಲೋಕಲ್ಲಿಗೆ ಬರುತ್ತಿದ್ದರು. ಮುಂಬಯಿಗೆ ಬಂದ ಮೇಲೆ ಒಬ್ಬರೇ ಓಣಿ ದಾಟದಿದ್ದವರು ಈಗ ಲೇಡೀಸ್ ಡಬ್ಬಿಯಲ್ಲಿ ಮೀನು ಮಾರುವವರ ಬುಟ್ಟಿಗಳ ನಡುವೆ ಉಪ್ಪಿಲ್ಲದ ಗಂಜಿಯ ಡಬ್ಬಿ ಹಿಡಿದುಕೊಂಡು ಬರುತ್ತಿದ್ದರು.

ವಾರ್ಡಿನಲ್ಲಿ ಗುಳಿಗೆ ಕೊಡುವುದು ನರ್ಸಿನ ಕೆಲಸ. ಒಂದು ಬೆಳಿಗ್ಗೆ ಎದುರಿನ ಮಂಚದವಳಿಗೆ ಫಿಟ್ಸ್ ಬಂತು. ನರ್ಸು ನನ್ನ ಗುಳಿಗೆಯನ್ನು ತಲೆದೆಸೆಯ ಕಪಾಟಿನ ಮೇಲಿಟ್ಟು ಅತ್ತ ಓಡಿದಳು. ನನ್ನ ಕೈ ಅದಕ್ಕೆ ಎಟುಕುತ್ತಿರಲಿಲ್ಲ. ಅತ್ತೆ ಅದೇ ತಾನೇ ಬಂದು ಸ್ಟೂಲಿನ ಮೇಲೆ ಕೂತಿದ್ದರು. ಗುಳಿಗೆಯನ್ನು ನೋಡಿದರು. ಅದು ಏನೆಂದು ನಾನು ಹೇಳಲಿಲ್ಲ, ಅವರಿಗೆ ಗೊತ್ತಾಯಿತು. ನರ್ಸುಗಳು ಎದುರಿನ ಮಂಚದ ಸುತ್ತ ಪರದೆ ಎಳೆದರು, ಒಳಗಿನಿಂದ ಆ ಹೆಂಗಸಿನ ಕಾಲು ಮಂಚಕ್ಕೆ ಬಡಿಯುವ ಸದ್ದು ಬರುತ್ತಿತ್ತು.

ಅತ್ತೆ ಎದ್ದರು. ಸೆರಗಿನಿಂದ ಹಿಡಿಯುತ್ತಾರೆ ಎಂದುಕೊಂಡೆ. ಬರಿಗೈಯಿಂದಲೇ ಎತ್ತಿ, ನನ್ನ ಬಾಯಿಗೆ ಹಾಕಿ, ಲೋಟ ಹಿಡಿದರು.

"ನುಂಗು," ಎಂದರು.

ಆಮೇಲೆ ಹೋಗಿ ಕೈ ತೊಳೆದುಕೊಂಡು ಬಂದು, ಅದೇ ಕೈಯಿಂದ ಗಂಜಿ ತಿನ್ನಿಸಿದರು.

ತಿಂಗಳು ತುಂಬಲು ಎರಡು ವಾರವಿರುವಾಗ ಡಾಕ್ಟರು ನೋವು ಬರಿಸಿದರು. ಬೆಳಿಗ್ಗೆ ಶುರುವಾದದ್ದು ಸಂಜೆಗೆ ಮುಗಿಯಿತು, ಕೊನೆಯಲ್ಲಿ ಇಕ್ಕಳ ಹಾಕಿ ಎಳೆದರು. ನನಗೆ ಅದಕ್ಕಿಂತ ಚೆನ್ನಾಗಿ ನೆನಪಿರುವುದು ಆಮೇಲಿನ ಸುಮ್ಮನಿದ್ದ ಕ್ಷಣ. ಹುಟ್ಟುವ ಕೂಸಿಗೂ ಗ್ರಂಥಿ ಇಲ್ಲದಿದ್ದರೆ ಅದರ ಅಳು ಗೊಗ್ಗರಾಗಿರುತ್ತದೆ ಎಂದು ಕಲಿಯುವ ಹುಡುಗಿಯೊಬ್ಬಳು ವಾರ್ಡಿನಲ್ಲಿ ಹೇಳಿಬಿಟ್ಟಿದ್ದಳು. ನಾನು ಕಿವಿಗೊಟ್ಟು ಕಾದೆ. ಅಳು ಬಂತು. ತೆಳ್ಳಗೆ, ಚೂಪಾಗಿ, ಕಿವಿ ಕೊರೆಯುವ ಹಾಗೆ.

"ಮುಲಗೀ," ಎಂದರು ಡಾಕ್ಟರು. ಹೆಣ್ಣು. ನಾಲಿಗೆ ನೋಡಿದರು, ಹೊಕ್ಕಳು ಒತ್ತಿ ನೋಡಿದರು, ಹಿಮ್ಮಡಿ ಚಿವುಟಿದರು. ಕೂಸು ಕಾಲು ಝಾಡಿಸಿತು. "ಸದ್ಯಕ್ಕೆ ಸರಿಯಾಗಿದೆ. ಆದರೆ ನಾನು ವರ್ಷವಿಡೀ ನೋಡುತ್ತಿರಬೇಕು. ತರುತ್ತಿರು."

ಹೊರಗೆ ವರಾಂಡದಲ್ಲಿ ಮೂವರೂ ನಿಂತಿದ್ದರಂತೆ. ಆಯಾ ಹೇಳಿದಾಗ ಗಂಡ ಗೋಡೆಯ ಕಡೆ ತಿರುಗಿ ನಿಂತರಂತೆ. ಅತ್ತೆ, "ಅಳ್ತೈತೇನು? ಜೀವ ಐತೇನು?" ಎಂದು ಎರಡೆರಡು ಸಲ ಕನ್ನಡದಲ್ಲೇ ಆಯಾಳನ್ನು ಕೇಳಿದರಂತೆ. ಆಯಾಗೆ ಅರ್ಥವಾಗದೆ, ಆಪಾ ಹಿಂದಿಗೆ ಮಾಡಿ ಹೇಳಿ, ಉತ್ತರವನ್ನು ಮತ್ತೆ ಕನ್ನಡಕ್ಕೆ ಮಾಡಿ ಹೇಳುವಷ್ಟರಲ್ಲಿ ಒಳಗಿನ ಅಳು ಅಲ್ಲಿಗೇ ಕೇಳಿಸಿತಂತೆ.

ಕೂಸಿಗೆ ಕೆಲವು ದಿನ ಕಾಮಾಲೆಯಿತ್ತು, ಇಳಿಯಿತು. ಕತ್ತು ನಿಲ್ಲುವುದು, ಮಗುಚುವುದು, ಕೂರುವುದು ಎಲ್ಲವೂ ಹೊತ್ತಿಗೆ ಸರಿಯಾಗಿ ಆದವು. ಪ್ರತಿಯೊಂದನ್ನೂ ಡಾಕ್ಟರಿಗೆ ತೋರಿಸಿ ಬಂದೆವು. ಮೊದಲ ಸಲ ಊರಿಗೆ ಕರೆದುಕೊಂಡು ಹೋದಾಗ ನಮ್ಮಪ್ಪನಿಗೆ ಅವ್ವನ ವಿಷಯ ಹೇಳಿದೆ. ಅವಳು ಜಡ ಇರಲಿಲ್ಲ, ಅವಳಿಗೂ ಇದೇ ಇತ್ತು, ಇಷ್ಟು ಸಣ್ಣ ಗುಳಿಗೆಯಿಂದ ಸರಿಹೋಗುತ್ತಿತ್ತು ಎಂದೆ. ಅಪ್ಪ ಮೊಮ್ಮಗಳನ್ನು ತೊಡೆಯ ಮೇಲೆ ಆಡಿಸುತ್ತಿದ್ದರು. ಆಡಿಸುವುದನ್ನು ನಿಲ್ಲಿಸಲಿಲ್ಲ.

"ನಾ ಭಾಳ ಬೈತಿದ್ದೆ ಆಕಿನ್ನ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಆಕಿ ಒಂದಿನಾನೂ ತಿರುಗಿ ಮಾತಾಡ್ಲಿಲ್ಲ. ಅದೂ ಅದರಿಂದ್ಲೇನ?" ಎಂದು ಕೇಳಿದರು. ಇರಬಹುದು ಎಂದೆ. ಅವರು ತಲೆಯಾಡಿಸಿದರು.

ಎಪ್ಪತ್ತರ ದಶಕದ ನಡುವೆ ಕಾರ್ಖಾನೆಯಲ್ಲೇ ತಯಾರಾಗುವ, ಪ್ರಾಣಿಯದಲ್ಲದ ಗುಳಿಗೆ ಕುರ್ಲಾದ ಅಂಗಡಿಗಳಲ್ಲೂ ದಿನಾ ಸಿಗುವಂತಾಯಿತು. ಡಾಕ್ಟರು ಅದಕ್ಕೆ ಬದಲಾಯಿಸಿದರು. ಅತ್ತೆಗೆ ಹೇಳಿದೆ. "ಹಂಗಾರ ಮನ್ಯಾಗ ಇಟಗೊ," ಎಂದರು. ಅದೇ ಭೇಟಿಯಲ್ಲಿ ಡಾಕ್ಟರು, ಮೊದಲ ದಿನದಿಂದಲೇ ಗುಳಿಗೆ ಸರಿಯಾಗಿದ್ದರೆ ಇನ್ನೊಂದು ಕೂಸು ಹೆರಲು ಅಡ್ಡಿಯಿಲ್ಲ ಎಂದೂ ಹೇಳಿದ್ದರು. ಅತ್ತೆಗೆ ಒಂದು ಗಂಡು ಬೇಕಿತ್ತು. ಬಾಯಿಬಿಟ್ಟು ಕೇಳಲಿಲ್ಲ, ಚಾಳಿನಲ್ಲಿ ಯಾರದಾದರೂ ಗಂಡು ಕೂಸಿನ ತೊಟ್ಟಿಲಿಗೆ ಹೋಗಿ ಬಂದ ದಿನ ಸ್ವಲ್ಪ ಹೆಚ್ಚು ಹೊತ್ತು ಪೂಜೆಗೆ ಕೂರುತ್ತಿದ್ದರು. ನಾನು ಮತ್ತು ಗಂಡ ಈ ಬಗ್ಗೆ ಒಂದೇ ಸಲ ಮಾತಾಡಿದೆವು, ಕುರ್ಲಾ ಸ್ಟೇಶನ್ನಿನ ಸೇತುವೆಯ ಮೇಲೆ, ಮಗಳು ಅವರ ಹೆಗಲ ಮೇಲೆ ಕೂತು ಕೆಳಗೆ ಹೋಗುವ ಗಾಡಿಗಳಿಗೆ ಕೈಬೀಸುತ್ತಿದ್ದಾಗ.

"ನಿನಗ ಹೆಂಗ ಅನಸ್ತೈತಿ?" ಎಂದು ಅವರು ಕೇಳಿದರು.

"ಸಾಕನಸ್ತೈತ್ರಿ," ಎಂದೆ.

"ನನಗೂ," ಎಂದರು.

ಮೆಟ್ಟಿಲಿಳಿಯುವಷ್ಟರಲ್ಲಿ ಭಾಂಡುಪಿಗೆ ಹೋಗುವ ಲೋಕಲ್ ಬಂತು. ನಾವು ಅದನ್ನು ಹತ್ತಿದೆವು, ಅಲ್ಲಿ ಕಾರ್ಖಾನೆಯ ಹತ್ತಿರ ಎರಡು ಖೋಲಿಯ ಒಂದು ಮನೆ ನೋಡುವುದಿತ್ತು.